ಮೆಂಡಿಕೋಟ್ ಆಡೋದು ಹೇಗೆ: ಹತ್ತು ಹಿಡಿಯೋ ಆಟದ ಪೂರ್ತಿ ಪಾಠ

ಚೌತಿಗೆ ಊರಿಗೆ ಬರೋ ಹುಡುಗ್ರು ಪ್ರತಿ ಸಲ ಕೇಳೋದು ಒಂದೇ, ಮೆಂಡಿಕೋಟ್ ಅಂದ್ರೆ ಎಂತ, ರಮ್ಮಿ ಥರವಾ ಅಂತ. ರಮ್ಮಿ ಥರ ಅಲ್ಲ ಮಾರಾಯ್ರೆ. ರಮ್ಮಿಯಲ್ಲಿ ನಿಮ್ಮ ಎಲೆ ನೀವು ಜೋಡಿಸ್ಕೊಂಡು ಕೂತ್ರೆ ಆಯ್ತು, ಪಕ್ಕದಲ್ಲಿ ಕೂತವ್ರು ಯಾರು ಅಂತ ಗೊತ್ತಿಲ್ದಿದ್ರೂ ನಡೀತದೆ. ಮೆಂಡಿಕೋಟಲ್ಲಿ ಎದುರು ಕೂತವ್ರೇ ನಿಮ್ಮ ಜೋಡಿ, ಅವ್ರ ಕೈಲಿ ಎಂತ ಇರ್ಬಹುದು ಅಂತ ಅಂದಾಜು ಹಾಕ್ದೇ ಹೋದ್ರೆ ಆಟವೇ ಇಲ್ಲ. ಒಂದು ಇಸ್ಪೀಟ್ ಪ್ಯಾಕಲ್ಲಿ ನಾಲ್ಕು ಹತ್ತು ಇರ್ತವೆ, ಆ ನಾಲ್ಕರಲ್ಲಿ ಹೆಚ್ಚಿನ ಪಾಲು ಯಾವ ಜೋಡಿಗೆ ಸೇರ್ತದೋ ಅವ್ರು ಗೆದ್ರು. ತಿರುಳು ಇಷ್ಟೇ. ಉಳಿದ 48 ಎಲೆ ಇರೋದು ಆ ನಾಲ್ಕನ್ನ ಹಿಡಿಯೋಕೆ, ಬಚ್ಚಿಡೋಕೆ, ಮನೆ ಮುಟ್ಟಿಸೋಕೆ.

ಮಹಾರಾಷ್ಟ್ರ, ಗುಜರಾತ್ ಕಡೆ ಜೋರಾಗಿ ಆಡೋ ಆಟ ಇದು, ಗೋವಾ ದಾಟಿ ಕಾರವಾರ ಮುಟ್ಟೋದಕ್ಕೆ ಎಷ್ಟು ಹೊತ್ತು ಬೇಕು ಹೇಳಿ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆ ಬಂದ್ ಇರ್ತದಲ್ಲ, ಆ 61 ದಿನ ಬೋಟ್ ದಡದಲ್ಲಿ, ಬಲೆ ರಿಪೇರಿ ಒಂದು ಕಡೆ, ಎಲೆ ಒಂದು ಕಡೆ. ಘಟ್ಟ ಹತ್ತಿ ಶಿರಸಿ ಕಡೆ ಬಂದ್ರೂ ಅದೇ ಕಥೆ, ಆಷಾಢದ ಮಳೇಲಿ ತೋಟಕ್ಕೆ ಇಳಿಯೋ ಹಾಗಿಲ್ಲ, ಕರೆಂಟ್ ಇಲ್ಲ, ನೆಟ್‌ವರ್ಕ್ ಅಂತೂ ಕೇಳ್ಲೇ ಬೇಡಿ, ಹಲಸಿನ ಹಪ್ಪಳ ಕರಿದು ಇಟ್ಕೊಂಡು ನಾಲ್ಕು ಜನ ಚಾಪೆ ಮೇಲೆ ಕೂತ್ರೆ ಮಧ್ಯಾಹ್ನ ಕಳೆದದ್ದು ಗೊತ್ತಾಗೂದಿಲ್ಲ. ದುಡ್ಡು ಇಟ್ಟು ಆಡೋ ಆಟ ಅಲ್ಲ ಇದು, ಹಾಗಾಗಿ ಅಜ್ಜಿಯಿಂದ ಮೊಮ್ಮಗಳ ತನಕ ಎಲ್ಲರೂ ಕೂರಬಹುದು. ಅಂದರ್ ಬಾಹರ್ ಆಡೋರಿಗೆ 1963ರ ಕರ್ನಾಟಕ ಪೊಲೀಸ್ ಕಾಯ್ದೆ ಇದೆ, ಮೆಂಡಿಕೋಟ್ ಆಡೋರಿಗೆ ಅತ್ತಿಗೆ ಇದ್ದಾರೆ, ಅನ್ನ ತಣೀತು ಅಂತ ಕೂಗೋಕೆ.

ಮೊದ್ಲು ಸಾಮಾನು. ಒಂದು ಪ್ಯಾಕ್ ಸಾಕು, 52 ಎಲೆ, ಜೋಕರ್ ತೆಗೆದಿಡಿ (ಬಿಸಾಡ್ಬೇಡಿ, ಬೇಕಾಗ್ತದೆ). ಮಳೆಗಾಲದಲ್ಲಿ ಕಾಗದದ ಎಲೆ ತಗೊಂಡ್ರೆ ಎರಡು ದಿನಕ್ಕೆ ಉಬ್ಬಿ ಒಂದಕ್ಕೊಂದು ಅಂಟಿ ಹಂಚೋಕೇ ಬರೂದಿಲ್ಲ, ಎರಡೆರಡು ಎಲೆ ಒಟ್ಟಿಗೆ ಹೋಗಿ ಒಬ್ರಿಗೆ 14 ಒಬ್ರಿಗೆ 12 ಆಗ್ತದೆ. ಪ್ಲಾಸ್ಟಿಕ್ ಎಲೆ ತಗೊಳ್ಳಿ. ಕಾಗದದ್ದೇ ಇದೆ ಅಂದ್ರೆ ಚೂರು ಕ್ಯಾರಂ ಪೌಡರ್ ಸವರಿ ಬಟ್ಟೇಲಿ ಒರೆಸಿ, ಒಂದು ವಾರ ಮ್ಯಾನೇಜ್ ಆಗ್ತದೆ.

ಜೋಡಿ ಮಾಡೋಕೆ ಎಲ್ಲರೂ ಒಂದೊಂದು ಎಲೆ ಎತ್ತಿ, ದೊಡ್ಡ ಎಲೆ ಬಂದ ಇಬ್ರು ಒಂದು ಕಡೆ, ಸಣ್ಣ ಎಲೆ ಬಂದ ಇಬ್ರು ಇನ್ನೊಂದು ಕಡೆ. ಜೋಡಿ ಎದುರು ಬದುರು ಕೂರಬೇಕು. ಗಂಡ ಹೆಂಡ್ತಿ ಒಂದೇ ಜೋಡಿ ಆದ್ರೆ ಇನ್ನೊಂದು ಸಲ ಎತ್ತಿಸಿ ಅಂತ ನನ್ನ ಸಲಹೆ, ನಾಲ್ಕನೇ ಆಟಕ್ಕೇ ಹಳೇ ಲೆಕ್ಕ ಎಲ್ಲ ಹೊರಗೆ ಬರ್ತದೆ. ಎಲೆ ಕಲಸಿದವ್ರು ಬಲಗಡೆಯಿಂದ ಹಂಚ್ಕೊಂಡು ಹೋಗ್ಬೇಕು, ಮೊದ್ಲು ಐದೈದು, ಆಮೇಲೆ ನಾಲ್ಕು ನಾಲ್ಕು ಎರಡು ಸಲ, ಒಟ್ಟು ತಲೆಗೆ 13. ಆಟ ಕೂಡ ಬಲಕ್ಕೇ ಸುತ್ತೋದು, ಹಂಚಿದವ್ರ ಬಲಗಡೆ ಇದ್ದವ್ರು ಮೊದಲ ಎಲೆ ಇಳಿಸೋದು.

ಎಲೆಯ ದರ್ಜೆ ಎಲ್ಲರಿಗೂ ಗೊತ್ತಿದ್ದದ್ದೇ, ಎಕ್ಕ ಎಲ್ಲಕ್ಕಿಂತ ಮೇಲೆ, ಆಮೇಲೆ ರಾಜ, ರಾಣಿ, ಗುಲಾಮ, ಹತ್ತು, ಒಂಬತ್ತು, ಹಾಗೇ ಇಳೀತಾ ಎರಡರ ತನಕ. ಇಲ್ಲಿ ಗಮನ ಇಡಬೇಕಾದ್ದು ಹತ್ತು ಐದನೇ ಜಾಗದಲ್ಲಿದೆ ಅನ್ನೋದು. ಇಡೀ ಆಟ ಯಾವ ಎಲೆಗೋಸ್ಕರ ನಡೀತದೋ ಆ ಎಲೆಗೆ ಸ್ವಂತ ತಾಕತ್ತು ಇಲ್ಲ, ಅದೇ ಜಾತಿಯ (ಇಸ್ಪೀಟ್, ಆಟೀನ್ ಅಂದ್ರೆ ಹೃದಯದ ಗುರುತು, ಡೈಮಂಡ್, ಕಳಾವರ್, ಇವೇ ನಾಲ್ಕು ಜಾತಿ) ನಾಲ್ಕು ಎಲೆ ಅದನ್ನ ಹೊಡೆದು ಹಾಕ್ತವೆ, ಮೇಲಿಂದ ಹುಕುಂ, ಅಂದ್ರೆ ಬೇರೆ ಜಾತಿಯನ್ನೆಲ್ಲ ಹೊಡೆಯೋ ತುರುಪಿನ ಜಾತಿ, ಬೇರೆ. ಮದುವೆ ಮನೇಲಿ ಮದುಮಗನ ಹಾಗೆ, ಎಲ್ಲರೂ ಸುತ್ತ ಓಡಾಡೋದು ಅವನಿಗಾಗಿ, ಅವನ ಮಾತು ಮಾತ್ರ ಎಲ್ಲೂ ನಡೆಯೂದಿಲ್ಲ.

ಆಡೋ ಕ್ರಮ ಹೀಗೆ. ಮೊದಲನೆಯವ್ರು ಒಂದು ಎಲೆ ಇಳಿಸ್ತಾರೆ, ಹೇಳೋಣ ಕಳಾವರ್. ಉಳಿದ ಮೂರು ಜನ ಕೈಲಿ ಕಳಾವರ್ ಇದ್ರೆ ಕಳಾವರೇ ಹಾಕ್ಬೇಕು, ಬೇರೆ ಹಾಕೋ ಹಾಗಿಲ್ಲ. ನಾಲ್ಕು ಎಲೆ ಬಿದ್ದ ಮೇಲೆ ದೊಡ್ಡ ಕಳಾವರ್ ಯಾರದೋ ಅವ್ರು ಆ ನಾಲ್ಕನ್ನೂ ಎತ್ಕೊಂಡು ತಮ್ಮ ಜೋಡಿಯ ಹತ್ರ ಮಗುಚಿ ಇಟ್ಕೊಳ್ಳೋದು, ಮುಂದಿನ ಎಲೆ ಅವ್ರೇ ಇಳಿಸೋದು. ಈ ನಾಲ್ಕು ಎಲೆಯ ಒಂದು ಸುತ್ತಿಗೆ ಹಾತ್ ಅಂತೇವೆ, ಒಂದು ಆಟಕ್ಕೆ 13 ಹಾತ್. ಹಾತಲ್ಲಿ ಹತ್ತು ಬಂದ್ರೆ ಅದನ್ನ ಮಗುಚಬೇಡಿ, ಮುಖ ಮೇಲೆ ಮಾಡಿ ಪಕ್ಕದಲ್ಲಿಡಿ, ಎಲ್ಲರಿಗೂ ಕಾಣ್ಲಿ. ಇಲ್ದಿದ್ರೆ ಕೊನೆಗೆ ‘ನಂಗಳದ್ದು ಮೂರು’, ‘ಅಲ್ದಾ ಎರಡೇಯ’ ಅಂತ ಜಗಳ ಶುರು ಆಗ್ತದೆ.

ಕೇಳಿದ ಜಾತಿ ಕೈಲಿ ಇಲ್ಲ ಅಂದ್ರೆ? ಅಲ್ಲಿಂದ ಹುಕುಂ ಕಥೆ ಶುರು. ಇದರಲ್ಲಿ ಎರಡು ಪದ್ಧತಿ, ಕಟ್ ಹುಕುಂ ಮತ್ತು ಬಂದ್ ಹುಕುಂ, ಆಟ ಶುರು ಮಾಡೋ ಮೊದಲೇ ಯಾವುದು ಅಂತ ಬಾಯಿಬಿಟ್ಟು ಹೇಳ್ಕೊಳ್ಳಿ. ಒಂದೇ ಮನೆಗೆ ಬಂದ ನಾಲ್ಕು ನೆಂಟ್ರು ನಾಲ್ಕು ಊರಿನ ರೂಲ್ ತಂದಿರ್ತಾರೆ.

ಕಟ್ ಹುಕುಂ ಅಂದ್ರೆ ಆಟ ಹುಕುಂ ಇಲ್ದೇ ಶುರು ಆಗ್ತದೆ. ಯಾರಿಗೆ ಮೊದಲ ಸಲ ಕೇಳಿದ ಜಾತಿ ಇರೂದಿಲ್ವೋ ಅವ್ರು ಬೇರೆ ಯಾವ ಜಾತಿಯ ಎಲೆ ಇಳಿಸ್ತಾರೋ ಅದೇ ಆ ಆಟದ ಹುಕುಂ, ಕೊನೇ ತನಕ. ಆ ಎಲೆ ಎರಡೇ ಆಗಿದ್ರೂ ಎದುರಿನವ್ರ (ಅಂದ್ರೆ ಎದುರಾಳಿ ಜೋಡಿಯ) ಎಕ್ಕವನ್ನ ಹೊಡೀತದೆ, ಅದಕ್ಕಿಂತ ದೊಡ್ಡ ಹುಕುಂ ಇನ್ಯಾರೂ ಹಾಕ್ದೇ ಇದ್ರೆ. ಅಲ್ಲಿಂದ ಮುಂದೆ ಜಾತಿ ಇಲ್ದವ್ರು ಹುಕುಂ ಹಾಕಿ ಕಟ್ ಮಾಡ್ಬಹುದು ಅಥವಾ ಬೇಡದ ಎಲೆ ಒಗೀಬಹುದು, ಕಡ್ಡಾಯ ಏನಿಲ್ಲ. ಮಕ್ಕಳಿಗೆ, ಹೊಸಬರಿಗೆ ಇದೇ ಒಳ್ಳೇದು, ಎಲ್ಲ ಕಣ್ಣೆದುರೇ ನಡೀತದೆ.

ಬಂದ್ ಹುಕುಂ ಸ್ವಲ್ಪ ಕಿಲಾಡಿ. ಹಂಚಿದವ್ರ ಬಲಗಡೆಯವ್ರು ತಮ್ಮ 13ರಲ್ಲಿ ಒಂದು ಎಲೆ ಆರಿಸಿ ಮಗುಚಿ ಚಾಪೆ ಮೇಲೆ ಇಡ್ತಾರೆ, ಅದರ ಜಾತಿಯೇ ಹುಕುಂ, ಆದ್ರೆ ಇಟ್ಟವ್ರಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ. ಯಾರಿಗಾದ್ರೂ ಜಾತಿ ಇಲ್ಲ ಅಂತ ಆದಾಗ ಅವ್ರು ‘ಹುಕುಂ ತೆಗೀರಿ’ ಅಂತ ಕೇಳ್ಬಹುದು, ಆಗ ಎಲೆ ತೋರ್ಸಿ ಅದನ್ನ ಇಟ್ಟವ್ರು ವಾಪಸ್ ಕೈಗೆ ತಗೊಳ್ತಾರೆ. ತೆಗೆಯೋ ತನಕ ಆ ಜಾತಿಗೆ ವಿಶೇಷ ಬಲ ಇಲ್ಲ. ಕೇಳಿದವ್ರ ಹತ್ರ ಆ ಹುಕುಂ ಇದ್ರೆ ಅದೇ ಹಾತಲ್ಲಿ ಹಾಕ್ಲೇಬೇಕು ಅನ್ನೋದು ನಮ್ಮನೆ ರೂಲ್, ಸುಮ್ನೆ ಗುಟ್ಟು ತಿಳ್ಕೊಳ್ಳೋಕೆ ಕೇಳೋ ಹಾಗಿಲ್ಲ. ದೊಡ್ಡವ್ರು ನಾಲ್ಕು ಜನ ಕೂತ್ರೆ ಬಂದ್ ಹುಕುಮೇ ಮಜಾ, ಯಾಕಂದ್ರೆ ಇಟ್ಟವ್ರ ಮುಖ ನೋಡೋದೇ ಅರ್ಧ ಆಟ.

13 ಹಾತ್ ಮುಗಿದ ಮೇಲೆ ಲೆಕ್ಕ. ಮೂರು ಹತ್ತು ಸೇರಿದ ಜೋಡಿ ಗೆದ್ದ ಹಾಗೆ. ನಾಲ್ಕಕ್ಕೆ ನಾಲ್ಕೂ ಬಂದ್ರೆ ಅದು ಮೆಂಡಿಕೋಟ್, ಸೋತವ್ರಿಗೆ ಕೋಟ್ ಹೊದ್ಸಿದ್ದು ಅಂತ ಊರಿಡೀ ಹೇಳ್ಕೊಂಡು ಬರೋಕೆ ಅಡ್ಡಿ ಇಲ್ಲ. ಎರಡು ಎರಡು ಆದ್ರೆ ಹಾತ್ ಎಣಿಸೋದು, ಏಳು ಅಥವಾ ಹೆಚ್ಚು ಯಾರದೋ ಅವ್ರದ್ದು ಆಟ. 13 ಬೆಸ ಸಂಖ್ಯೆ ಆಗಿರೋದ್ರಿಂದ ಡ್ರಾ ಅನ್ನೋದೇ ಇಲ್ಲ, ಯಾರೋ ಒಬ್ರು ಗೆದ್ದೇ ಏಳ್ಬೇಕು. 13 ಹಾತೂ ಒಂದೇ ಕಡೆಗೆ ಹೋದ್ರೆ 52 ಎಲೆಯ ಮೆಂಡಿಕೋಟ್, ಅದು ಆಗೋದು ಅಪರೂಪ, ಆದ ದಿನ ಸೋತವ್ರು ಕವಳ (ವೀಳ್ಯ) ಮಡಚಿ ಕೊಡ್ಬೇಕು ಅಂತ ನಮ್ಮಲ್ಲಿ ರೂಢಿ.

ಈಗ ಹಂಚುವಾಗ ಹತ್ತು ಹೇಗೆ ಬೀಳ್ತವೆ ಅಂತ ಒಂಚೂರು ಲೆಕ್ಕ ನೋಡೋಣ, ಯಾಕಂದ್ರೆ ‘ನಂಗೆ ಹತ್ತೇ ಬರೂದಿಲ್ಲ’ ಅಂತ ಅಳೋರು ಎಲ್ಲ ಮನೇಲೂ ಒಬ್ರು ಇರ್ತಾರೆ. ನೂರು ಸಲ ಎಲೆ ಹಂಚಿದ್ರೆ ಸುಮಾರು 50 ಸಲ ಒಂದು ಜೋಡಿಗೆ ಮೂರು, ಇನ್ನೊಂದಕ್ಕೆ ಒಂದು ಹತ್ತು ಬೀಳ್ತದೆ. 39 ಸಲ ಎರಡು ಎರಡು. 11 ಸಲ ನಾಲ್ಕೂ ಒಂದೇ ಜೋಡಿಗೆ. ಒಬ್ರ ಕೈಯಲ್ಲೇ ನಾಲ್ಕೂ ಬರೋದು, ಅದು ನಿಮ್ಮ ಕೈಯೇ ಆಗ್ಬೇಕು ಅಂದ್ರೆ, 380ರಲ್ಲಿ ಒಂದ್ಸಲದ ಹತ್ರ. ಆದ್ರೆ ಇದೆಲ್ಲ ಹಂಚಿದಾಗಿನ ಲೆಕ್ಕ, ಆಟ ಮುಗಿದಾಗಿನ ಲೆಕ್ಕ ಅಲ್ಲ. ಕೈಲಿ ಮೂರು ಹತ್ತು ಇಟ್ಕೊಂಡು ಕೂತವ್ರು ಒಂದೂ ದಕ್ಕಿಸ್ಕೊಳ್ದೇ ಏಳೋದು ದಿನಾ ನಡೆಯೋ ಸಂಗತಿ. ಹೊಸಬರು ಹತ್ತು ಬಂದ ಕೂಡ್ಲೇ ಖುಷಿ ಪಡ್ತಾರೆ, ಆಡಿ ಪಳಗಿದವ್ರು ಹತ್ತು ಬಂದ್ರೆ ಮೊದ್ಲು ಅದರ ಜೊತೆ ಅದೇ ಜಾತಿಯ ಎಷ್ಟು ಸಣ್ಣ ಎಲೆ ಇದೆ ಅಂತ ನೋಡ್ತಾರೆ.

ಅದೇ ಮೊದಲ ಪಾಠ. ಒಂಟಿ ಹತ್ತು, ಅಂದ್ರೆ ಆ ಜಾತಿಯಲ್ಲಿ ಹತ್ತು ಬಿಟ್ರೆ ಬೇರೆ ಎಲೆಯೇ ಇಲ್ಲ ಅನ್ನೋ ಪರಿಸ್ಥಿತಿ, ಬಹಳ ಕೆಟ್ಟದ್ದು. ಎದುರಿನವ್ರು ಆ ಜಾತಿಯ ಎಕ್ಕ ಇಳಿಸಿದ್ರೆ ನೀವು ಹತ್ತು ಹಾಕ್ಲೇಬೇಕು, ಬೇರೆ ದಾರಿ ಇಲ್ಲ, ಕೈ ಮುಗಿದು ಕೊಟ್ಟ ಹಾಗೆ. ಅದೇ ಹತ್ತರ ಜೊತೆ ನಾಲ್ಕು, ಎರಡು ಇದ್ರೆ ಎರಡು ಸುತ್ತು ಸಣ್ಣ ಎಲೆ ಹಾಕಿ ತಪ್ಪಿಸ್ಕೊಳ್ಬಹುದು, ಅಷ್ಟರಲ್ಲಿ ಎಕ್ಕ ರಾಜ ಎರಡೂ ಬಿದ್ದು ಹೋಗಿರ್ತವೆ, ಅಥವಾ ನಿಮ್ಮ ಜೋಡಿಯೇ ಮೇಲಿನ ಎಲೆ ಹಾಕಿ ನಿಮಗೆ ಜಾಗ ಮಾಡ್ಕೊಟ್ಟಿರ್ತಾರೆ. ಹಾಗಾಗಿ ಹತ್ತರ ಜೊತೆ ಇರೋ ಸಣ್ಣ ಎಲೆಗಳನ್ನ ಬೇರೆ ಹಾತಲ್ಲಿ ಕಸ ಅಂತ ಒಗೀಬೇಡಿ.

ಎರಡನೇದು, ಹತ್ತನ್ನ ಯಾವಾಗ ಇಳಿಸೋದು. ಕೊನೇ ಕೈಯಲ್ಲಿ, ಅಂದ್ರೆ ನಾಲ್ಕನೆಯವ್ರಾಗಿ ಆಡುವಾಗ, ಮೂರೂ ಎಲೆ ಕಣ್ಣೆದುರು ಇರ್ತದೆ, ಜೋಡಿಯದ್ದೇ ಮೇಲೆ ಇದ್ರೆ ಎರಡು ಸಲ ಯೋಚ್ನೆ ಮಾಡ್ದೇ ಹತ್ತು ಹಾಕಿ. ಮೂರನೇ ಕೈಯಲ್ಲಿ ಸ್ವಲ್ಪ ಧೈರ್ಯ ಬೇಕು, ನಿಮ್ಮ ನಂತರ ಎದುರಾಳಿ ಒಬ್ರು ಉಳಿದಿರ್ತಾರೆ. ಆದ್ರೆ ಆಟದ ಶುರುವಲ್ಲಿ, ಆ ಜಾತಿ ಮೊದಲ ಸಲ ಬರ್ತಿರುವಾಗ, ಜೋಡಿ ಎಕ್ಕ ಇಳಿಸಿದ್ದಾರೆ ಅಂದ್ರೆ ಹಾಕಿಬಿಡಿ, ಮೊದಲ ಸುತ್ತಲ್ಲೇ ಒಬ್ರ ಹತ್ರ ಒಂದು ಜಾತಿ ಪೂರ್ತಿ ಇಲ್ದೇ ಇರೋದು ಕಮ್ಮಿ. ಅದೇ ಜಾತಿಯ ಮೂರನೇ ಸುತ್ತಿಗೆ ಕಾಯ್ತಾ ಕೂತ್ರೆ ಯಾರೋ ಒಬ್ರು ಖಾಲಿ ಆಗಿರ್ತಾರೆ, ಹುಕುಂ ಬಿದ್ದು ಹತ್ತು ಹೋಗ್ತದೆ. ಎರಡನೇ ಕೈಯಲ್ಲಿ ಹತ್ತು ಹಾಕೋದು ಅಂದ್ರೆ ಬಾಗಿಲು ತೆಗೆದಿಟ್ಟು ಮಲಗೋ ಕೆಲ್ಸ. ಇನ್ನು ಹತ್ತನ್ನೇ ಮೊದಲ ಎಲೆಯಾಗಿ ಇಳಿಸೋದು, ಮೇಲಿನ ನಾಲ್ಕೂ ಹೋಗಿವೆ ಅಂತ ಗ್ಯಾರಂಟಿ ಇದ್ದಾಗ ಮಾತ್ರ, ಆಗಲೂ ಹುಕುಂ ಎಲ್ಲಿದೆ ಅಂತ ನೋಡ್ಕೊಂಡು.

ಒಂದು ಆಟ ಹೇಳ್ತೇನೆ, ಕಟ್ ಹುಕುಂ. ನಾನು ಆಯಿ (ಅಮ್ಮ) ಒಂದು ಜೋಡಿ, ಭಾವ ಅತ್ತಿಗೆ ಇನ್ನೊಂದು. ಹಂಚಿದ್ದು ಅತ್ತಿಗೆ, ಅವ್ರ ಬಲಕ್ಕೆ ಆಯಿ, ಆಮೇಲೆ ಭಾವ, ಆಮೇಲೆ ನಾನು. ಆಯಿ ಶುರುವಲ್ಲೇ ಕಳಾವರ್ ಎಕ್ಕ ಇಳಿಸಿದ್ಲು, ಭಾವ ನಾಲ್ಕು ಹಾಕಿದ. ನನ್ನ ಕೈಲಿ ಕಳಾವರ್ ಹತ್ತು ಮತ್ತೆ ಏಳು. ಏಳು ಹಾಕಿ ಹತ್ತನ್ನ ಉಳಿಸ್ಕೊಳ್ಳೋಣ ಅಂತ ಕೈ ಹೋಗ್ತದೆ, ಯಾರಿಗಾದ್ರೂ ಹಾಗೇ ಅನ್ನಿಸ್ತದೆ, ಆದ್ರೆ ಉಳಿಸ್ಕೊಂಡು ಎಂತ ಮಾಡೋದು, ಮುಂದಿನ ಕಳಾವರ್ ಸುತ್ತಲ್ಲಿ ಅದು ಒಂಟಿ ಹತ್ತು ಆಗ್ತದೆ, ರಾಜ ಭಾವನ ಹತ್ರ ಇದ್ರೆ ಮುಗೀತು. ಹಾಗಾಗಿ ಹತ್ತು ಹಾಕಿದೆ, ಅತ್ತಿಗೆ ಒಂಬತ್ತು ಹಾಕಿದ್ರು, ಒಂದು ಹತ್ತು ಮನೆಗೆ. ಮೂರು ಹಾತ್ ದಾಟಿದ ಮೇಲೆ ಭಾವ ಆಟೀನ್ ರಾಜ ಇಳಿಸಿದ. ನನ್ನ ಹತ್ರ ಆಟೀನ್ ಇಲ್ಲ, ಹುಕುಂ ಇನ್ನೂ ಆಗಿಲ್ಲ, ಅಂದ್ರೆ ಹುಕುಂ ಮಾಡೋ ಅವಕಾಶ ನಂದು. ಕೈಲಿ ಇಸ್ಪೀಟ್ ಐದು ಎಲೆ, ಎಕ್ಕ, ಗುಲಾಮ, ಎಂಟು, ಐದು, ಎರಡು. ಡೈಮಂಡಲ್ಲಿ ರಾಜ ಇದೆ, ಆದ್ರೆ ಒಟ್ಟು ಎರಡೇ ಎಲೆ. ಹುಕುಂ ಮಾಡುವಾಗ ದೊಡ್ಡ ಎಲೆ ಇರೋ ಜಾತಿ ಅಲ್ಲ, ಹೆಚ್ಚು ಎಲೆ ಇರೋ ಜಾತಿ ನೋಡ್ಬೇಕು, ಐದು ಹುಕುಂ ಇದ್ರೆ ಮುಂದೆ ನಾಲ್ಕು ಸಲ ಕಟ್ ಮಾಡ್ಬಹುದು. ಇಸ್ಪೀಟ್ ಐದು ಇಳಿಸಿದೆ. ಅತ್ತಿಗೆ ಆಟೀನ್ ಮೂರು ಹಾಕಿದ್ರು, ಆಯಿ ಕೊನೇ ಕೈ, ಕನ್ನಡಕ ಸರಿ ಮಾಡ್ಕೊಂಡು ಚಾಪೆ ಒಂದ್ಸಲ ನೋಡಿ ಆಟೀನ್ ಹತ್ತನ್ನ ಟಪ್ ಅಂತ ಇಟ್ಲು. ಭಾವನ ರಾಜನ ಮೇಲೇ ನಮ್ಮ ಎರಡನೇ ಹತ್ತು. ‘ಅತ್ತೆ, ಅದನ್ನ ಎಲ್ಲಿ ಅಡಗ್ಸಿಟ್ಟಿದ್ರಿ’ ಅಂತ ಭಾವ ಕೇಳಿದ್ದಕ್ಕೆ ಆಯಿ, ‘ಕೈಯಲ್ಲೇ ಇತ್ತು ಭಾವ, ನೀನು ರಾಜ ಕಳ್ಸೂದನ್ನೇ ಕಾಯ್ತಾ ಇದ್ದೆ’ ಅಂದ್ಲು.

ಇಲ್ಲಿಂದ ಮುಂದೆ ಲೆಕ್ಕ ಬದಲಾಗ್ತದೆ, ಇದನ್ನ ಬಹಳ ಜನ ಗಮನಿಸೂದಿಲ್ಲ. ಎರಡು ಹತ್ತು ನಿಮ್ಮದಾದ ಮೇಲೆ ನೀವು ಗೆಲ್ಲೋಕೆ ಎರಡು ದಾರಿ ಇದೆ, ಇನ್ನೊಂದು ಹತ್ತು ಹಿಡಿಯೋದು ಅಥವಾ ಏಳು ಹಾತ್ ಮಾಡೋದು. ಎದುರಿನವ್ರು ಉಳಿದ ಎರಡೂ ಹತ್ತನ್ನ ಹಿಡೀಲೇಬೇಕು, ಮೇಲಿಂದ ಏಳು ಹಾತೂ ಮಾಡ್ಬೇಕು. ಆಗ ಪುಡಿ ಹಾತ್‌ಗೂ ಬೆಲೆ ಬರ್ತದೆ. ಶುರುವಿಂದ ಬರೀ ಹತ್ತಿನ ಹಿಂದೆ ಓಡಿ ಸಣ್ಣ ಹಾತ್ ಎಲ್ಲ ಬಿಟ್ಕೊಟ್ಟವ್ರು ಎರಡು ಎರಡು ಆದಾಗ ತಲೆ ಮೇಲೆ ಕೈ ಇಟ್ಕೊಳ್ತಾರೆ. ಮೂರು ಹತ್ತು ಎದುರಿನವ್ರಿಗೆ ಹೋದ ಮೇಲೂ ಎಲೆ ಒಗೆದು ಏಳ್ಬೇಡಿ, ಆಟ ಹೋಯ್ತು ನಿಜ, ಕೋಟ್ ಹೊದ್ಸಿಸ್ಕೊಳ್ದೇ ಇರೋಕೆ ಒಂದು ಹತ್ತಾದ್ರೂ ಹಿಡೀಬೇಕಲ್ಲ.

ಹುಕುಂ ಜಾತಿಯ ಹತ್ತು ನಿಮ್ಮ ಕೈಲಿದ್ರೆ ಅದು ಬೇರೆಯೇ ಮಾಲು. ಉಳಿದ ಮೂರು ಹತ್ತನ್ನ ಯಾರಾದ್ರೂ ಹೊತ್ಕೊಂಡು ಹೋಗ್ಬೇಕು, ಇದು ತನ್ನನ್ನ ತಾನೇ ಮನೆಗೆ ತರ್ತದೆ. ಕೊನೇ ಕೈಯಲ್ಲಿ ಕಟ್ ಮಾಡೋ ಅವಕಾಶ ಸಿಕ್ರೆ ಎರಡು, ಮೂರು ಹಾಕಿ ಕಂಜೂಸ್‌ತನ ಮಾಡ್ಬೇಡಿ, ಹತ್ತಲ್ಲೇ ಕಟ್ ಮಾಡಿ, ನಿಮ್ಮ ನಂತರ ಯಾರೂ ಇಲ್ಲ, ದೊಡ್ಡ ಹುಕುಂ ಮೊದಲೇ ಬಿದ್ದಿಲ್ಲ ಅಂತ ನೋಡ್ಕೊಂಡ್ರೆ ಸಾಕು. ಹಾಗೇ, ಜಾತಿ ಇಲ್ಲ, ಹುಕುಂ ಆಗಿ ಹೋಗಿದೆ, ಜೋಡಿಯದ್ದೇ ಮೇಲೆ ಇದೆ, ನೀವೇ ಕೊನೆಯವ್ರು, ಅಂಥ ಹೊತ್ತಲ್ಲಿ ಬೇರೆ ಯಾವ ಜಾತಿಯ ಹತ್ತು ಇದ್ರೂ ಅದರ ಮೇಲೆ ಒಗೆದುಬಿಡಿ. ಒಂಟಿ ಹತ್ತು ಕೈ ಸುಡ್ತಿದ್ರೆ ಅದನ್ನ ದಾಟಿಸೋಕೆ ಇದಕ್ಕಿಂತ ಒಳ್ಳೇ ಸಂದರ್ಭ ಸಿಗೂದಿಲ್ಲ.

ಎಣಿಸೋದು ಹೇಗೆ ಅಂತ ಕೇಳ್ತಾರೆ. 52 ಎಲೆ ನೆನಪಿಡೋರು ಇದ್ದಾರೆ, ಅವ್ರ ಎದುರು ಕೂರಬೇಡಿ. ನಮ್ಮಂಥವ್ರಿಗೆ ಎಕ್ಕ ಯಾವ್ಯಾವುದು ಹೋಯ್ತು, ಹುಕುಂ ಎಷ್ಟು ಬಿತ್ತು, ಇಷ್ಟು ಸಾಕು, ಹತ್ತು ಹೇಗೂ ಮುಖ ಮೇಲೆ ಮಾಡಿ ಇಟ್ಟಿರ್ತೇವಲ್ಲ. ಹುಕುಂ ಒಟ್ಟು 13, ನಿಮ್ಮ ಕೈಲಿ ಐದಿದ್ರೆ ಹೊರಗೆ ಎಂಟು, ಬಿದ್ದ ಹಾಗೆ ಕಳೀತಾ ಬನ್ನಿ. ಇನ್ನೊಂದು, ಯಾರು ಯಾವ ಜಾತಿಗೆ ಖಾಲಿ ಅಂತ ಒಂದ್ಸಲ ಗೊತ್ತಾದ್ರೆ ಅದನ್ನ ಮಾತ್ರ ಮರೀಬೇಡಿ, ಎದುರಾಳಿ ಖಾಲಿ ಇರೋ ಜಾತಿಯನ್ನ ನೀವಾಗಿ ಇಳಿಸೋದು ಅಂದ್ರೆ ಅವ್ರ ಕೈಗೆ ಕತ್ತಿ ಕೊಟ್ಟಂಗೆ. ನಿಮ್ಮ ಜೋಡಿ ಖಾಲಿ ಇರೋ ಜಾತಿಯನ್ನ ಇಳಿಸಿದ್ರೆ ಅವ್ರು ಕಟ್ ಮಾಡ್ತಾರೆ, ಅದು ಬೇಕಾದ್ದೇ.

ಕಟ್ ಹುಕುಂ ಆಡುವಾಗ ಶುರುವಲ್ಲಿ ಇನ್ನೊಂದು ಉಪಾಯ ಇದೆ. ಕೈಲಿ ಒಂದೇ ಎಲೆ ಇರೋ ಜಾತಿ (ಹತ್ತು ಅಲ್ದೇ ಇದ್ರೆ) ಮೊದಲೇ ಇಳಿಸಿ ಖಾಲಿ ಮಾಡ್ಕೊಳ್ಳಿ. ಮುಂದಿನ ಸಲ ಆ ಜಾತಿ ಬಂದಾಗ ಹುಕುಂ ಮಾಡೋ ಹಕ್ಕು ನಿಮ್ಮದು. ಎದುರಿನವ್ರೂ ಇದನ್ನೇ ಮಾಡ್ತಿರ್ತಾರೆ, ಯಾರಾದ್ರೂ ಶುರುವಲ್ಲೇ ಒಂಟಿ ಆರು, ಏಳು ಇಳಿಸಿದ್ರೆ ಎಂತಕ್ಕೆ ಅಂತ ಅರ್ಥ ಮಾಡ್ಕೊಂಡು ಆ ಜಾತಿಯನ್ನ ಪುನಃ ಎತ್ಬೇಡಿ.

ಕಳ್ಳಾಟದ ಬಗ್ಗೆ. ಜಾತಿ ಕೈಲಿದ್ದೂ ಇಲ್ಲ ಅಂತ ಕಟ್ ಮಾಡಿ ಆಮೇಲೆ ಅದೇ ಜಾತಿ ಇಳಿಸಿ ಸಿಕ್ಕಿಬಿದ್ರೆ ಆಟ ಪೂರ್ತಿ ಎದುರಿನವ್ರಿಗೆ, ಇದರಲ್ಲಿ ರಿಯಾಯ್ತಿ ಇಲ್ಲ, ಎಂಟು ವರ್ಷದೊಳಗಿನವ್ರಿಗೆ ಬಿಟ್ಟು. ಕಣ್ಣು ಹೊಡೆಯೋದು, ಕೆಮ್ಮೋದು, ‘ಹೃದಯ ಭಾರ ಆಗ್ತಾ ಇದ್ದು’ ಅಂತ ಆಟೀನ್ ಇದೆ ಅಂತ ತಿಳಿಸೋದು, ಇದೆಲ್ಲ ನಿಷೇಧ. ಹಿಂದೆ ಕೂತು ಎಲೆ ನೋಡ್ತಾ ‘ತಮಾ, ಹತ್ತು ಹಾಕಡ’ ಅನ್ನೋ ಮಾವಂದಿರನ್ನ ಮಾತ್ರ ಯಾವ ರೂಲ್ ಹಾಕಿದ್ರೂ ತಡೆಯೋಕೆ ಆಗೂದಿಲ್ಲ, ಅವ್ರಿಗೆ ಅಡಿಕೆ ಕತ್ತರಿ ಕೊಟ್ಟು ಕವಳದ ತಟ್ಟೆ ಮುಂದೆ ಕೂರ್ಸಿ.

ಈ ಆಟಕ್ಕೆ ಪಾಯಿಂಟ್ ಅಂತ ಗಟ್ಟಿ ಪದ್ಧತಿ ಇಲ್ಲ, ಗೆದ್ದ ಆಟ ಎಣಿಸೋದು ಅಷ್ಟೇ. ನಾವು ಒಣ ಅಡಿಕೆ ಇಟ್ಕೊಳ್ತೇವೆ, ಗೆದ್ದ ಆಟಕ್ಕೆ ಒಂದು, ಮೆಂಡಿಕೋಟ್‌ಗೆ ಎರಡು, 52 ಎಲೆಯದ್ದಾದ್ರೆ ನಾಲ್ಕು, ಮೊದಲು ಹತ್ತು ಅಡಿಕೆ ಮಾಡಿದ ಜೋಡಿ ಆ ದಿನದ ರಾಜ. ಕಾರವಾರದ ಕಡೆ ನೆಂಟ್ರ ಮನೇಲಿ ಗೇರುಬೀಜ ಇಟ್ಟು ಆಡ್ತಾರೆ, ಅದು ಆಟ ಮುಗಿಯೋ ಮೊದಲೇ ಖಾಲಿ ಆಗ್ತದೆ, ಅಡಿಕೆಯೇ ಸರಿ. ಎಲೆ ಹಂಚೋ ಕೆಲ್ಸ ಸೋತವ್ರದ್ದು. ಹಂಚಿದವ್ರ ಜೋಡಿ ಸೋತ್ರೆ ಅವ್ರೇ ಪುನಃ ಹಂಚ್ಬೇಕು, ಗೆದ್ರೆ ಅವ್ರ ಬಲಗಡೆಯವ್ರಿಗೆ ಹೋಗ್ತದೆ, 13 ಹಾತೂ ಕೊಟ್ಟು ಸೋತ್ರೆ ಜೋಡಿಯ ಇನ್ನೊಬ್ರಿಗೆ.

ನಾಲ್ಕೇ ಜನ ಸಿಗ್ಬೇಕಲ್ಲ. ಆರು ಜನ ಆದ್ರೆ ನಾಲ್ಕೂ ಜಾತಿಯ ಎರಡನ್ನ ತೆಗೆದಿಡಿ, 48 ಎಲೆ, ತಲೆಗೆ ಎಂಟು, ಮೂರು ಮೂರು ಜನರ ಎರಡು ತಂಡ, ಒಬ್ರು ಬಿಟ್ಟು ಒಬ್ರು ಕೂರೋದು. ಇಲ್ಲಿ ಹಾತ್ ಎಂಟೇ, ಹಾಗಾಗಿ ಹತ್ತೂ ಎರಡೆರಡು ಹಾತೂ ನಾಲ್ಕು ನಾಲ್ಕು ಆಗ್ಬಹುದು, ಆಗ ಕೊನೇ ಹಾತ್ ಯಾರದೋ ಅವ್ರು ಗೆದ್ದ ಹಾಗೆ ಅಂತ ನಾವು ಮಾಡ್ಕೊಂಡಿದ್ದು. ಮೂರೇ ಜನ ಇದ್ರೆ ಯಾವುದಾದ್ರೂ ಒಂದು ಜಾತಿಯ ಎರಡನ್ನ ತೆಗೆದ್ರೆ 51, ತಲೆಗೆ 17, ಪ್ರತಿಯೊಬ್ರೂ ತಮಗೆ ತಾವೇ. ಜೋಡಿ ಇಲ್ದೇ ಇದ್ರೆ ಹತ್ತು ಒಪ್ಪಿಸೋಕೆ ಯಾರೂ ಇಲ್ಲ, ಆಟ ಒಣಗಲು ಅನ್ನಿಸ್ತದೆ, ಟೈಂಪಾಸ್‌ಗೆ ಅಡ್ಡಿಲ್ಲ.

ಸಣ್ಣ ಮಕ್ಕಳಿಗೆ ಮೊದಲ ನಾಲ್ಕೈದು ಆಟ ಹುಕುಂ ಇಲ್ದೇ ಆಡ್ಸಿ, ಜಾತಿಗೆ ಜಾತಿ ಹಾಕೋದು ರೂಢಿ ಆಗ್ಲಿ. ಅವ್ರಿಗೆ ಹತ್ತು ಮಾತ್ರ ಎಣಿಸೋದು ಬೇಜಾರಾದ್ರೆ ನಮ್ಮನೇಲಿ ಮಾಡ್ಕೊಂಡ ಒಂದು ಬದಲಾವಣೆ ಇದೆ: ಹತ್ತರ ಜೊತೆಗೆ ಐದು ಮತ್ತೆ ಎರಡನ್ನೂ ಲೆಕ್ಕಕ್ಕೆ ಹಿಡಿಯೋದು. ಮೂರು ಸೆಟ್, ಒಂದೊಂದರಲ್ಲೂ ನಾಲ್ಕು ಎಲೆ. ಯಾವ ಸೆಟ್ಟಲ್ಲಿ ಮೂರೋ ನಾಲ್ಕೋ ಯಾರಿಗೆ ಬಂತೋ ಆ ಸೆಟ್ ಅವ್ರದ್ದು, ಎರಡೆರಡು ಆದ್ರೆ ಆ ಸೆಟ್ ಯಾರದ್ದೂ ಅಲ್ಲ, ಕೊನೆಗೆ ಹೆಚ್ಚು ಸೆಟ್ ಇದ್ದವ್ರು ಗೆದ್ರು, ಸಮ ಆದ್ರೆ ಹಾತ್ ಎಣಿಸಿ. ಎಕ್ಕ ರಾಜನನ್ನ ಸೆಟ್ ಮಾಡ್ಬೇಡಿ, ಅವು ಬಂದವ್ರ ಹತ್ರವೇ ಉಳೀತವೆ, ಕಸಿದುಕೊಳ್ಳೋ ಮಜಾ ಇಲ್ಲ. ಇದರಲ್ಲಿ ಕೈ ತುಂಬ ಸಣ್ಣ ಎಲೆ ಬಂದ ಮಗುವೂ ಮುಖ ಸಣ್ಣ ಮಾಡೂದಿಲ್ಲ, ಇಳಿಸೋ ಪ್ರತಿ ಎರಡಕ್ಕೂ ಯಾರೋ ಒಬ್ರು ಕಾಯ್ತಾ ಇರ್ತಾರೆ.

ಎತ್ತಿಡುವಾಗ ಎಲೆ ಎಣಿಸಿ ರಬ್ಬರ್ ಬ್ಯಾಂಡ್ ಹಾಕಿ. ಒಂದು ಎಲೆ ಕಡಿಮೆ ಬಂದ್ರೆ ಚಾಪೆ ಕೊಡವಿ ನೋಡಿ, ಮಕ್ಕಳ ಕೈಲಿದ್ಯಾ ನೋಡಿ, ಸಿಗ್ಲಿಲ್ಲ ಅಂದ್ರೆ ತೆಗೆದಿಟ್ಟ ಜೋಕರ್ ಮೇಲೆ ಕಾಣೆಯಾದ ಎಲೆಯ ಹೆಸ್ರು ಮಾರ್ಕರ್ ಪೆನ್ನಲ್ಲಿ ಬರೆದು ಸೇರ್ಸಿ, ಹಿಂಬದಿ ಒಂದೇ ಥರ ಇರೋದ್ರಿಂದ ಯಾರಿಗೂ ಗೊತ್ತಾಗೂದಿಲ್ಲ. ಬಾಲ್ ಪೆನ್ ಬೇಡ, ಪ್ಲಾಸ್ಟಿಕ್ ಎಲೆ ಮೇಲೆ ನಿಲ್ಲೂದಿಲ್ಲ.